ವಾಹನ ವಿಚಾರ: ಹತ್ತೇ ದಿನಕ್ಕೆ ಕಪ್ಪಾದ ಎಂಜಿನ್ ಆಯಿಲ್

ಪ್ರಶ್ನೆ: ನನ್ನದು 2014ರ ಚಿಕ್ಕ ಡೀಸೆಲ್ ಕಾರು. ದಿನವೂ ಬನಶಂಕರಿಯಿಂದ ವೈಟ್‌ಫೀಲ್ಡ್‌ಗೆ ಹೋಗಿಬರುತ್ತೇನೆ. ಒಂದು ಕಡೆಗೆ ಸುಮಾರು 25 ಕಿ.ಮೀ., ಒಂದೂವರೆ ಗಂಟೆ. ಹತ್ತು ದಿನಗಳ ಹಿಂದೆ ಮನೆಯ ಹತ್ತಿರದ ಗ್ಯಾರೇಜಿನಲ್ಲಿ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿದೆ. ಮೊನ್ನೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಇದ್ದಿಲಿನಂತೆ ಕಪ್ಪಾಗಿದೆ. ಹಳೆಯದನ್ನೇ ಬಿಟ್ಟು ದುಡ್ಡು ಕಿತ್ತಿದ್ದಾರೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಡೀಸೆಲ್ ಗಾಡಿ ಹಾಗೇ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಯಾರನ್ನು ನಂಬಬೇಕು? ಮುಂದಿನ ಬದಲಾವಣೆಗೆ 10,000 ಕಿ.ಮೀ.ವರೆಗೆ ಕಾಯಬಹುದೇ?
— ಓದುಗರೊಬ್ಬರು, ಬನಶಂಕರಿ

ಉತ್ತರ: ಬಣ್ಣವೊಂದನ್ನೇ ನೋಡಿ ಹೇಳುವುದಾದರೆ ಮೆಕ್ಯಾನಿಕ್ ಹೇಳಿದ್ದೇ ಸರಿ. ಡೀಸೆಲ್ ಉರಿಯುವಾಗ ಹುಟ್ಟುವ ಮಸಿಯ ಒಂದು ಪಾಲು ಪಿಸ್ಟನ್ ರಿಂಗುಗಳ ಸಂದಿಯಿಂದ ಇಳಿದು ಆಯಿಲಿಗೆ ಸೇರುತ್ತದೆ. ಆ ಮಸಿ ಎಲ್ಲಿಯೂ ಗಟ್ಟಿಯಾಗಿ ಕೂರದಂತೆ ಅದನ್ನು ತೇಲಿಸಿಟ್ಟುಕೊಳ್ಳುವ ರಾಸಾಯನಿಕಗಳನ್ನು ಡೀಸೆಲ್ ಎಂಜಿನ್ನಿನ ಆಯಿಲಿಗೆ ಮೊದಲೇ ಬೆರೆಸಿರುತ್ತಾರೆ. ಆದ್ದರಿಂದ ಕಪ್ಪು ಬಣ್ಣವು ಆಯಿಲ್ ತನ್ನ ಕೆಲಸ ಮಾಡುತ್ತಿರುವುದರ ಗುರುತು. ಎಷ್ಟು ಹೊತ್ತು ಸೋರಿಸಿದರೂ ಒಳದಾರಿಗಳಲ್ಲಿ ಹಳೆಯ ಆಯಿಲ್ ಸ್ವಲ್ಪ ಉಳಿದೇ ಉಳಿಯುತ್ತದೆ, ಹೊಸದಕ್ಕೆ ಬಣ್ಣ ಹಿಡಿಸಲು ಅಷ್ಟೇ ಸಾಕು. ಹತ್ತು ದಿನವೇಕೆ, ಕೆಲವು ಕಾರುಗಳಲ್ಲಿ ಗ್ಯಾರೇಜಿನಿಂದ ಮನೆ ಸೇರುವಷ್ಟರಲ್ಲೇ ಹೀಗಾಗಿರುತ್ತದೆ.

ಹಾಗೆಂದು ಮೋಸ ನಡೆದೇ ಇಲ್ಲವೆಂದು ನಾನು ಹೇಳುವಂತಿಲ್ಲ. ಅದನ್ನು ಪತ್ತೆ ಮಾಡುವ ಸಮಯ ಕೆಲಸ ನಡೆಯುವಾಗಲೇ ಹೊರತು ಆಮೇಲಲ್ಲ. ಮುಂದಿನ ಸಲ ಪಕ್ಕದಲ್ಲೇ ನಿಂತುಕೊಳ್ಳಿ. ಡಬ್ಬಿಯ ಸೀಲನ್ನು ನಿಮ್ಮೆದುರಿಗೇ ಒಡೆಯಲಿ, ಹಳೆಯ ಫಿಲ್ಟರನ್ನು ತೆಗೆದು ನಿಮಗೆ ತೋರಿಸಲಿ, ಡ್ರೇನ್ ಬೋಲ್ಟಿಗೆ ಹೊಸ ವಾಷರ್ ಹಾಕಲಿ. ನಾಲ್ಕು ಕಾಸಿನ ಆ ವಾಷರನ್ನು ಉಳಿಸಲು ಹೋಗಿ ಪಾರ್ಕಿಂಗ್ ನೆಲವನ್ನೆಲ್ಲ ಎಣ್ಣೆ ಮಾಡಿಕೊಂಡವರನ್ನು ಬಹಳ ನೋಡಿದ್ದೇನೆ.

ಈಗ ನೀವು ನೋಡಬೇಕಾದದ್ದು ಬಿಲ್ಲಿನಲ್ಲಿರುವ ಆಯಿಲಿನ ದರ್ಜೆಯನ್ನು. ಅದರಲ್ಲಿ ಡಬ್ಲ್ಯುಗೆ ಮೊದಲಿರುವ ಅಂಕಿ ಚಿಕ್ಕದಾದಷ್ಟೂ ತಣ್ಣಗಿರುವಾಗ ಆಯಿಲ್ ತೆಳು. ಕೈಪಿಡಿಯಲ್ಲಿ 5ಡಬ್ಲ್ಯು-30 ಎಂದಿರುವ ಕಾರಿಗೂ ‘ಬೆಂಗಳೂರಿನ ಚಳಿಗೆ ಇದು ಸಾಕು’ ಎಂದು ಅಗ್ಗದ 15ಡಬ್ಲ್ಯು-40 ಸುರಿಯುವ ರೂಢಿಯಿದೆ. ನಮ್ಮಲ್ಲಿ ಹಿಮ ಬೀಳುವುದಿಲ್ಲವೆಂಬುದು ನಿಜವಾದರೂ, ಬೆಳಗ್ಗೆ ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿದಾಗ ತೆಳುವಾದ ಆಯಿಲ್, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊವನ್ನು ಬೇಗ ತಲುಪುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಹೆಚ್ಚು ವೇಗ ಮುಟ್ಟಬಲ್ಲ ಟರ್ಬೊದ ದಂಡಕ್ಕೆ ಆಯಿಲಿನ ತೆಳು ಪದರವೇ ಆಧಾರ.

ಇನ್ನು ಕಿಲೋಮೀಟರ್ ಲೆಕ್ಕ. ನೀವು ಬರೆದಂತೆ 25 ಕಿ.ಮೀ.ಗೆ ಒಂದೂವರೆ ಗಂಟೆ ಹಿಡಿಯುವುದಾದರೆ 10,000 ಕಿ.ಮೀ. ಮುಗಿಯುವಷ್ಟರಲ್ಲಿ ನಿಮ್ಮ ಎಂಜಿನ್ 600 ಗಂಟೆ ದುಡಿದಿರುತ್ತದೆ. ಅದೇ ದೂರವನ್ನು ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಸರಾಸರಿಯಲ್ಲಿ ಓಡಿಸಿದವರ ಎಂಜಿನ್ ದುಡಿದದ್ದು 167 ಗಂಟೆ ಮಾತ್ರ. ಓಡೋಮೀಟರಿನಲ್ಲಿ ಇಬ್ಬರದೂ ಒಂದೇ ಅಂಕಿ, ಆದರೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತು ಉರಿದ ಹೊತ್ತನ್ನು ಓಡೋಮೀಟರ್ ಎಣಿಸುವುದಿಲ್ಲ. ಆದ್ದರಿಂದ 7,500 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಬದಲಾಯಿಸಿ ಎಂಬುದು ನನ್ನ ಸಲಹೆ.

ಪ್ರಶ್ನೆ: ನನ್ನ ಬಿಎಸ್6 ಡೀಸೆಲ್ ಕಾರಿನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯನ್ನೂ ದಾಟಿ ಹೆಚ್ಚಾಗಿದೆ. ನಾನು ತೊಟ್ಟು ಆಯಿಲನ್ನೂ ಹಾಕಿಲ್ಲ. ಇದು ಹೇಗೆ ಸಾಧ್ಯ?
— ಓದುಗರೊಬ್ಬರು, ಜಯನಗರ

ಉತ್ತರ: ಹೆಚ್ಚಾಗಿರುವುದು ಆಯಿಲ್ ಅಲ್ಲ, ಬಹುತೇಕ ಡೀಸೆಲ್. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ಎಂಬ ಹೊಗೆ ಮಾಲಿನ್ಯ ನಿಯಮದಿಂದಾಗಿ ಡೀಸೆಲ್ ಕಾರುಗಳ ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಬಂತು. ಅದು ತುಂಬಿದಾಗ ಮಸಿಯನ್ನು ಸುಟ್ಟುಹಾಕಲು ಹೊಗೆಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕಾಗುತ್ತದೆ, ಅದಕ್ಕಾಗಿ ಹಲವು ಎಂಜಿನ್ನುಗಳು ಸಿಲಿಂಡರಿಗೆ ಹೆಚ್ಚುವರಿ ಡೀಸೆಲ್ ಚಿಮ್ಮುತ್ತವೆ. ಉರಿಯದೆ ಉಳಿದ ಡೀಸೆಲ್ ಗೋಡೆಗುಂಟ ಇಳಿದು ಆಯಿಲಿಗೆ ಬೆರೆಯುತ್ತದೆ. ಜಯನಗರದಿಂದ ಬಸವನಗುಡಿಗೆ ಹೋಗಿ ಕೀಲಿ ತಿರುಗಿಸಿಬಿಡುವವರ ಕಾರಿನಲ್ಲಿ ಸುಡುವ ಕೆಲಸ ಅರ್ಧಕ್ಕೇ ನಿಂತು, ಮತ್ತೆ ಮತ್ತೆ ಮೊದಲಾಗುವುದರಿಂದ ಈ ಬೆರಕೆ ಬೇಗ ಹೆಚ್ಚುತ್ತದೆ. ಡೀಸೆಲ್ ಬೆರೆತ ಆಯಿಲ್ ನೀರಾಗಿ ಬೇರಿಂಗುಗಳನ್ನು ಕಾಯಲಾರದು. ಗೆರೆ ದಾಟಿದ್ದರೆ ಕಾರನ್ನು ಓಡಿಸದೆ ಮೊದಲು ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ. ಬಳಿಕ ವಾರಕ್ಕೊಮ್ಮೆ ತುಮಕೂರು ರಸ್ತೆಯಲ್ಲೋ ವಿಮಾನ ನಿಲ್ದಾಣದ ರಸ್ತೆಯಲ್ಲೋ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ. ಕಡಿಮೆ ಬೂದಿಯ ದರ್ಜೆಯ ಆಯಿಲನ್ನೇ ಕೇಳಿ ಹಾಕಿಸಿ, ಏಕೆಂದರೆ ಜಾಲರಿಯಲ್ಲಿ ಕೂತ ಮಸಿಯನ್ನು ಸುಡಬಹುದು, ಆಯಿಲಿನ ಬೂದಿಯನ್ನು ಸುಡಲಾಗದು.

ಪ್ರಶ್ನೆ: ಡೀಸೆಲ್ ಫಿಲ್ಟರನ್ನು ನಾನೇ ಬದಲಾಯಿಸಿದೆ. ಈಗ ಕಾರು ಸ್ಟಾರ್ಟ್ ಆಗುತ್ತಿಲ್ಲ.
— ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಪೈಪಿನಲ್ಲಿ ಗಾಳಿ ನಿಂತಿರಬಹುದು. ಫಿಲ್ಟರಿನ ತಲೆಯ ಮೇಲೆ ಕೈಪಂಪು ಇದ್ದರೆ ಅದು ಬಿಗಿಯಾಗುವವರೆಗೂ ಒತ್ತಿ. ಟ್ಯಾಂಕಿನಲ್ಲೇ ವಿದ್ಯುತ್ ಪಂಪಿರುವ ಕಾರಾದರೆ ಕೀಲಿಯನ್ನು ಸ್ಟಾರ್ಟ್ ಮಾಡದೆ ನಾಲ್ಕೈದು ಬಾರಿ ಆನ್ ಮಾಡಿ, ಪ್ರತಿ ಸಲವೂ ಕೆಲವು ಕ್ಷಣ ಕಾದು, ಆಫ್ ಮಾಡಿ. ಹಳೆಯ ಲಾರಿಗಳಲ್ಲಿ ಮಾಡುತ್ತಿದ್ದಂತೆ ಸಿಲಿಂಡರಿಗೆ ಡೀಸೆಲ್ ಚಿಮ್ಮುವ ಇಂಜೆಕ್ಟರಿನ ಪೈಪಿನ ನಟ್ಟನ್ನು ಮಾತ್ರ ಸಡಿಲಿಸಬೇಡಿ. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಈಗಿನ ಕಾಮನ್ ರೈಲ್ ಎಂಜಿನ್ನುಗಳ ಆ ಪೈಪಿನಲ್ಲಿ ಒತ್ತಡವು 1,600 ಬಾರ್‌ನಷ್ಟಿರಬಲ್ಲದು. ನಿಮ್ಮ ಟಯರಿನಲ್ಲಿರುವುದು ಎರಡು ಬಾರ್‌ಗಿಂತ ತುಸು ಹೆಚ್ಚು, ಅಷ್ಟೆ. ಅಲ್ಲಿಂದ ಚಿಮ್ಮಿದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಇಷ್ಟಾದರೂ ಎಂಜಿನ್ ಹಿಡಿಯದಿದ್ದರೆ ಪೈಪುಗಳನ್ನು ಅದಲುಬದಲು ಸಿಕ್ಕಿಸಿದ್ದೀರಾ, ರಬ್ಬರ್ ರಿಂಗ್ ಮಡಚಿಕೊಂಡಿದೆಯೇ ಎಂದು ನೋಡಿ.