169.254 ಬಂದಿದೆ ಅಂತ ಕೈಯಾರೆ ಐಪಿ ಹಾಕಬೇಡಿ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ

ಹಳೇ ವಿಂಡೋಸ್ 7 ಡೆಸ್ಕ್‌ಟಾಪ್, ಫೈಬರ್ ಹಾಕಿಸಿದ ಮೇಲೆ ಹಳದಿ ತ್ರಿಕೋನ, ಐಪಿ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿಗೆ ಇರೋ ನಂಬರ್) 169.254ರಿಂದ ಶುರು, ಮೊಬೈಲಲ್ಲಿ ಮಾತ್ರ ನೆಟ್ ಚೆನ್ನಾಗಿದೆ. ಕೈಯಾರೆ ಯಾವ ಐಪಿ ಹಾಕಲಿ, ಇಲ್ಲಾ ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ 10 ಹಾಕಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ಎರಡನ್ನೂ ಮಾಡಿ ಅನುಭವಿಸಿದೀನಿ.

ನಮ್ಮದು ತಿಪಟೂರು ತಾಲ್ಲೂಕು, ನೊಣವಿನಕೆರೆ ಕಡೆ. ಅಪ್ಪ ಅಕ್ಕಪಕ್ಕದ ತೋಟಗಳಿಂದ ತೆಂಗಿನಕಾಯಿ ತಗೊಂಡು ಅಟ್ಟಕ್ಕೆ ಹಾಕಿಸ್ತಾರೆ. ಬೇರೆ ಕಡೆಯವರಿಗೆ ಇದು ಗೊತ್ತಿರಲ್ಲ: ಉಂಡೆ ಕೊಬ್ಬರಿಗೆ ಕಾಯಿ ಒಡೆದು ಬಿಸಿಲಿಗೆ ಹಾಕೋದಿಲ್ಲ. ಸಿಪ್ಪೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಸದ್ದು ಮಾಡಬೇಕು. ತೋಟದವರಿಗೆ ಕಾಯಿ ಇಳಿಸಿದಾಗ ಮುಂಗಡ, ಕೊಬ್ಬರಿ ಮಾರಿದ ಮೇಲೆ ಉಳಿದಿದ್ದು. ಅಂದ್ರೆ ಒಂದೊಂದು ಲೆಕ್ಕವೂ ಸುಮಾರು ಒಂದು ವರ್ಷ ಜೀವಂತ ಇರಬೇಕು. ಆ ಲೆಕ್ಕ ಎಲ್ಲಾ ನಾನೇ ಎಕ್ಸೆಲ್‌ನಲ್ಲಿ ಬರೆದು ಡೆಸ್ಕ್‌ಟಾಪ್ ಮೇಲೇ ಇಟ್ಟಿದ್ದೆ.

2011ರಲ್ಲಿ ಮನೆಗೆ ಫೋನ್ ಲೈನಿನ ಬ್ರಾಡ್‌ಬ್ಯಾಂಡ್ ಬಂದಾಗ ಮೋಡೆಮ್ ಹಾಕೋಕೆ ಬಂದವರು ಕಂಪ್ಯೂಟರಿಗೆ ತಾವೇ ಐಪಿ ಟೈಪ್ ಮಾಡಿ, ಒಂದು ಚೀಟಿಯಲ್ಲೂ ಬರೆದುಕೊಟ್ಟರು: 192.168.1.2, ಅದರ ಕೆಳಗೆ 255.255.255.0, ಗೇಟ್‌ವೇ, ಅಂದ್ರೆ ಹೊರಗೆ ಹೋಗೋ ದಾರಿಯಾದ ಮೋಡೆಮ್‌ನ ವಿಳಾಸ, 192.168.1.1. ಚೀಟೀನ ಬೀರುವಿನ ಬಾಗಿಲ ಒಳಗಡೆ ಅಂಟಿಸಿದೆ. ಎಂಟು ವರ್ಷ ಏನೂ ತೊಂದರೆ ಇರಲಿಲ್ಲ. ಯಾಕಂದ್ರೆ ಆ ಮೋಡೆಮ್‌ಗೆ ಇದ್ದದ್ದು ಆ ಒಂದೇ ಕಂಪ್ಯೂಟರ್.

2019ರಲ್ಲಿ ಫೈಬರ್ ಬಂತು, ವೈಫೈ ಬಂತು. ಅಲ್ಲಿಂದ ಒಂದು ವಿಚಿತ್ರ ಶುರುವಾಯ್ತು. ಹಗಲು ಕಂಪ್ಯೂಟರಲ್ಲಿ ನೆಟ್ ಚೆನ್ನಾಗಿರೋದು. ರಾತ್ರಿ ಎಂಟರ ಮೇಲೆ ಹೋಗಿಬಿಡೋದು, ಹಳದಿ ತ್ರಿಕೋನ. ಭಾನುವಾರ ಅಂತೂ ಇಡೀ ದಿನ ಇಲ್ಲ. ಲೈನ್‌ಮನ್ ಮೂರು ಸಲ ಬಂದರು, ಮೂರು ಸಲವೂ ಹಗಲಲ್ಲೇ ಬಂದರು, ನೆಟ್ ಇತ್ತು, ಹೋದರು. ಕೇಬಲ್ ಬದಲಾಯಿಸಿದೆ. ಹೊಸ ಲ್ಯಾನ್ ಕಾರ್ಡ್ ಹಾಕಿಸಿದೆ, ಅದಕ್ಕೂ ಚೀಟಿ ನೋಡಿಕೊಂಡು ಅದೇ ನಂಬರ್ ಹಾಕಿದೆ. ನಡುನಡುವೆ ಪರದೆ ಮೂಲೆಯಲ್ಲಿ ಐಪಿ ಅಡ್ರೆಸ್ ಕಾನ್‌ಫ್ಲಿಕ್ಟ್ ಅಂತ ಸಣ್ಣ ಕಿಟಕಿ ಬರೋದು. ಏನಂತ ಓದದೆ ಮುಚ್ಚುತ್ತಿದ್ದೆ.

ಕೊನೆಗೆ ಸಿಪಿಯು ಹೊತ್ಕೊಂಡು ತಿಪಟೂರಿನ ಒಂದು ಅಂಗಡಿಗೆ ಹೋದೆ. ಅಲ್ಲಿನ ಹುಡುಗ, "ಅಕ್ಕಾ, ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಹೊಡೆದ್ರೆ ಸರಿಹೋಗುತ್ತೆ" ಅಂದ. ಡಿ ಡ್ರೈವ್ ಮುಟ್ಟಲ್ಲ, ಸಿ ಮಾತ್ರ ಅಂದ. ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದು ಅಂದ್ರೆ ಸಿ ಡ್ರೈವ್‌ನಲ್ಲೇ ಇಟ್ಟ ಹಾಗೆ ಅನ್ನೋದು ನನಗೆ ಗೊತ್ತಿರಲಿಲ್ಲ, ಅವನೂ ಕೇಳಲಿಲ್ಲ. ಅಂಗಡಿಯಲ್ಲಿ ನೆಟ್ ಜೋರಾಗಿ ಬಂತು.

ಮನೆಗೆ ಬಂದು ನಾನು ಮಾಡಿದ ಮೊದಲನೇ ಕೆಲಸ, ಬೀರು ತೆಗೆದು ಆ ಚೀಟಿ ನೋಡಿ 192.168.1.2 ಅಂತ ಮತ್ತೆ ಟೈಪ್ ಮಾಡಿದ್ದು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ನಿಮಗೆ ಬೇಕಾಗಿರೋದು ಇದೇ. ಈಗಿನ ರೌಟರ್ ಅಂದ್ರೆ ಹಳೇ ಕಾಲದ ಶಾನುಭೋಗರಿದ್ದ ಹಾಗೆ. ಮನೆಯೊಳಗೆ ಯಾರಿಗೆ ಯಾವ ನಂಬರ್ ಅನ್ನೋದನ್ನ ತಾನೇ ಕೊಟ್ಟು ತನ್ನ ಪುಸ್ತಕದಲ್ಲಿ ಬರ್ಕೊಳುತ್ತೆ. ಇಂತಿಷ್ಟು ಹೊತ್ತಿಗೆ ಅಂತ ಗುತ್ತಿಗೆಗೆ ಕೊಡುತ್ತೆ. ಈ ವ್ಯವಸ್ಥೆಗೇ ಡಿಎಚ್‌ಸಿಪಿ ಅನ್ನೋದು. ನಮ್ಮ ರೌಟರ್ 192.168.1.2ರಿಂದಲೇ ಹಂಚೋಕೆ ಶುರು ಮಾಡ್ತಿತ್ತು. ನಾನು ಕಂಪ್ಯೂಟರಲ್ಲಿ ಕೈಯಾರೆ ಬರೆದದ್ದು ಅದರ ಪುಸ್ತಕಕ್ಕೆ ಹೋಗಲ್ಲ. ಅಲ್ಲಿ 2ನೇ ನಂಬರ್ ಖಾಲಿ ಅಂತಲೇ ಇರುತ್ತೆ. ಅದನ್ನ ನನ್ನ ತಮ್ಮನ ಫೋನಿಗೆ ಕೊಟ್ಟಿತ್ತು. ಒಂದೇ ಸರ್ವೆ ನಂಬರ್ ಇಬ್ಬರ ಪಹಣಿಯಲ್ಲಿ ಕೂತಂಗಾಯ್ತು. ತಮ್ಮ ಬೆಳಿಗ್ಗೆ ಆರೂವರೆಗೆ ತುಮಕೂರಿಗೆ ಕಾಲೇಜಿಗೆ ಹೊರಟರೆ ಬರ್ತಿದ್ದದ್ದು ರಾತ್ರಿ ಎಂಟಕ್ಕೆ. ಭಾನುವಾರ ಇಡೀ ದಿನ ಮನೇಲಿ. ವಿಂಡೋಸ್ 7 ತನ್ನ ನಂಬರನ್ನ ಇನ್ನೊಬ್ಬರು ಇಟ್ಕೊಂಡಿದ್ದಾರೆ ಅಂತ ಗೊತ್ತಾದ ತಕ್ಷಣ ಹಿಂದೆ ಸರಿದು, ತನಗೆ ತಾನೇ 169.254ರ ಒಂದು ವಿಳಾಸ ಹಾಕ್ಕೊಳುತ್ತೆ. ಆ ವಿಳಾಸದಿಂದ ಇಂಟರ್ನೆಟ್‌ಗೆ ದಾರಿಯಿಲ್ಲ.

ಹಳೇ ಮೋಡೆಮ್‌ದೂ ಹೊಸ ರೌಟರ್‌ದೂ ಎರಡೂ 192.168.1.1 ಆಗಿದ್ದೇ ನನ್ನ ದಾರಿ ತಪ್ಪಿಸಿದ್ದು. ಹೊಸದು 192.168.0.1 ಆಗಿದ್ದಿದ್ರೆ ಚೀಟಿಯ ನಂಬರ್ ಮೊದಲ ದಿನವೇ ಕೆಲಸ ಮಾಡ್ತಿರಲಿಲ್ಲ, ಅವತ್ತೇ ಗೊತ್ತಾಗ್ತಿತ್ತು. ಅರ್ಧ ದಿನ ಸರಿಯಿದ್ದಿದ್ದರಿಂದ ನಂಬರ್ ಮೇಲೆ ಅನುಮಾನವೇ ಬರಲಿಲ್ಲ.

ತಮ್ಮನ ಫೋನ್ ಒಂದು ಸಲ ಬಿದ್ದು ಪರದೆ ಒಡೆದು ನಾಲ್ಕು ದಿನ ರಿಪೇರಿಗೆ ಹೋಯ್ತು. ಆ ನಾಲ್ಕು ರಾತ್ರಿಯೂ ನೆಟ್ ಇತ್ತು. ಐದನೇ ರಾತ್ರಿ ಫೋನ್ ಬಂತು, ನೆಟ್ ಹೋಯ್ತು. ಅವನೇ ವೈಫೈ ಸೆಟ್ಟಿಂಗ್ ತೆಗೆದು ಐಪಿ ಓದಿದ. ನಾನು ಬೀರುವಿನ ಹತ್ತಿರ ನಿಂತಿದ್ದೆ, ಅವನು ಓದಿದ ನಂಬರೇ ಚೀಟಿಯಲ್ಲಿ.

ಅಷ್ಟರಲ್ಲಿ ಲೆಕ್ಕದ ಫೈಲ್ ಹೋಗಿ ಎರಡು ತಿಂಗಳಾಗಿತ್ತು. ಅಟ್ಟದ ಮೇಲೆ ಹದಿನಾಲ್ಕು ಮನೆಯವರ ಕಾಯಿ ಇತ್ತು. ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ವಿ ಅಂತ ಕಾಗದದಲ್ಲಿ ಇದ್ದದ್ದು ಅರ್ಧ. ಉಳಿದಿದ್ದಕ್ಕೆ ಅಪ್ಪ ಅವರವರ ಬಾಯಿ ಮಾತಿನ ಮೇಲೆ ದುಡ್ಡು ಕೊಟ್ಟರು. ನಲವತ್ತು ಸಾವಿರದ ಹತ್ತಿರ ಹೆಚ್ಚಿಗೆ ಹೋಗಿದೆ ಅನ್ನೋದು ನನ್ನ ಅಂದಾಜು. ಅಪ್ಪ ಆ ಮಾತು ಒಂದು ಸಲವೂ ಎತ್ತಲಿಲ್ಲ, ನನಗೆ ಅದೇ ಇವತ್ತಿಗೂ ಕಷ್ಟ.

ಈಗ ನಿಮ್ಮ ಕಂಪ್ಯೂಟರ್. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸಿಎಂಡಿ (cmd) ಅಂತ ಹಾಕಿ, ಆಗ ಬರೋ ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ (ipconfig /all) ಕೊಡಿ. ಡಿಎಚ್‌ಸಿಪಿ ಎನೇಬಲ್ಡ್ (DHCP Enabled) ಅನ್ನೋ ಸಾಲಿನ ಮುಂದೆ ನೋ (No) ಅಂತಿದ್ರೆ ಯಾರೋ ಹಿಂದೆ ಕೈಯಾರೆ ನಂಬರ್ ಹಾಕಿದ್ದಾರೆ. ಐಪಿ ಪಕ್ಕ ಡೂಪ್ಲಿಕೇಟ್ ಅಂತಿದ್ರೆ ನಿಮ್ಮದು ನನ್ನ ಕಥೆಯೇ. ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋಗಿ, ಲೋಕಲ್ ಏರಿಯಾ ಕನೆಕ್ಷನ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ವರ್ಷನ್ 4 ಅಂತಿರೋ ಇಂಟರ್ನೆಟ್ ಪ್ರೋಟೊಕಾಲ್ ತೆಗೆದು ಐಪಿಯನ್ನೂ ಡಿಎನ್‌ಎಸ್ಸನ್ನೂ ಎರಡನ್ನೂ ಆಟೊಮ್ಯಾಟಿಕ್ ಮಾಡಿ. ಸೈಟಿನ ಹೆಸರಿಗೆ ಅದರ ಐಪಿ ಹುಡುಕಿಕೊಡೋದು ಈ ಡಿಎನ್‌ಎಸ್, ಅದನ್ನ ಮರೆಯೋರೇ ಜಾಸ್ತಿ. ಹಳೇ ಡಿಎನ್‌ಎಸ್ ಕೂತಿದ್ರೆ ಐಪಿ ಸರಿಯಾದರೂ ಒಂದು ಪುಟವೂ ತೆರೆಯದೆ ಇರಬಹುದು.

ಡಿಎಚ್‌ಸಿಪಿ ಯೆಸ್ ಅಂತ ಇದ್ದೂ 169.254 ಬರ್ತಿದ್ರೆ, ಕಂಪ್ಯೂಟರ್ ನಂಬರ್ ಕೇಳ್ತಿದೆ, ರೌಟರ್ ಉತ್ತರ ಇದಕ್ಕೆ ತಲುಪ್ತಿಲ್ಲ ಅಂತ ಅರ್ಥ. ಕೇಬಲನ್ನ ರೌಟರ್‌ನ ಬೇರೆ ಪೋರ್ಟಿಗೆ ಹಾಕಿ, ಬೇರೆ ಕೇಬಲ್ ಹಾಕಿ, ರೌಟರ್ ಒಂದು ನಿಮಿಷ ಆಫ್ ಮಾಡಿ ಆನ್ ಮಾಡಿ. ಅದಕ್ಕೂ ಜಗ್ಗದಿದ್ರೆ ಸಿಎಂಡಿಯನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು ನೆಟ್‌ಎಸ್‌ಎಚ್ ವಿನ್‌ಸಾಕ್ ರೀಸೆಟ್ (netsh winsock reset) ಕೊಟ್ಟು ರೀಸ್ಟಾರ್ಟ್ ಮಾಡಿ. ಇದರಿಂದ ನಿಮ್ಮ ಫೈಲ್‌ಗಳಿಗೆ ಏನೂ ಆಗಲ್ಲ.

ಗಡಿಯಾರದ ಕಡೆಯೂ ಒಂದು ಕಣ್ಣಿಡಿ. ಹಳೇ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಮುಗಿದಿದ್ರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ, ನೆಟ್ ಇದ್ದರೂ ಸೈಟುಗಳು ಸರ್ಟಿಫಿಕೇಟ್ ಸರಿಯಿಲ್ಲ ಅಂತ ತೆರೆಯೋದಿಲ್ಲ. ಬ್ಯಾಟರಿ ವಾಚ್ ಅಂಗಡಿಯಲ್ಲೂ ಸಿಗುತ್ತೆ.

ಪ್ರಿಂಟರ್‌ಗೋ ಕ್ಯಾಮೆರಾಗೋ ಬದಲಾಗದ ಐಪಿ ಬೇಕೇಬೇಕು ಅಂದ್ರೆ ರೌಟರ್ ಒಳಗೇ ಹೋಗಿ ಅದರ ಮ್ಯಾಕ್ ವಿಳಾಸಕ್ಕೆ (ಆ ಯಂತ್ರದ ನೆಟ್‌ವರ್ಕ್ ಗುರುತಿನ ಸಂಖ್ಯೆಗೆ) ಆ ನಂಬರ್ ಕಾಯ್ದಿರಿಸಿ. ಪುಸ್ತಕದಲ್ಲಿ ಬರೆಸಿದ್ದು ಮಾತ್ರ ನಿಲ್ಲುತ್ತೆ.

ವಿಂಡೋಸ್ 7ಗೆ 2020ರ ಜನವರಿ 14ಕ್ಕೇ ಬೆಂಬಲ ನಿಂತಿದೆ, ಅದರಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ. ನೀವು ಕೇಳಿದ ವಿಂಡೋಸ್ 10ಗೂ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಆದರೆ ಅದು ಬೇರೆ ವಿಚಾರ, ಐಪಿಗೂ ಅದಕ್ಕೂ ಸಂಬಂಧವಿಲ್ಲ. ಮುಂದೆ ಯಾವತ್ತಾದರೂ ಬದಲಾಯಿಸಿದರೆ ಮೊದಲು ಡೆಸ್ಕ್‌ಟಾಪ್, ಮೈ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರನ್ನೂ ಪೆನ್‌ಡ್ರೈವ್‌ಗೆ ನೀವೇ ಹಾಕ್ಕೊಳ್ಳಿ, ಅಂಗಡಿಯವರಿಗೆ ಬಿಡಬೇಡಿ.

ಇವತ್ತೇ ಆ ಐಪಿಕಾನ್ಫಿಗ್ ಕೊಟ್ಟು ನೋಡಿ. ಡಿಎಚ್‌ಸಿಪಿ ಸಾಲು, ಐಪಿ ಸಾಲು, ಗೇಟ್‌ವೇ ಸಾಲು, ಈ ಮೂರನ್ನೂ ಇದ್ದ ಹಾಗೇ ಇಲ್ಲಿ ಬರೆಯಿರಿ. ರಾತ್ರಿ ಊಟ ಆದ ಮೇಲೆ ನೋಡಿ ಉತ್ತರ ಕೊಡ್ತೀನಿ.