20000 ಅಂತ ಬರೆದಿದೆ, ಮಿಕ್ಕಿದ್ದೆಲ್ಲಿ ಹೋಯ್ತು?

ಪ್ರಶ್ನೆ: ಸರ್, ಊರಿಗೆ ಮತ್ಸ್ಯಗಂಧ ರೈಲಲ್ಲಿ ಹೋಗೋದಿತ್ತು ಅಂತ ಲ್ಯಾಮಿಂಗ್ಟನ್ ರೋಡಿಂದ 20000 ಎಂಎಎಚ್ ಪವರ್ ಬ್ಯಾಂಕ್ ತಂದೆ. ಫೋನಿನ ಬ್ಯಾಟರಿ 5000. ಲೆಕ್ಕಕ್ಕೆ ನಾಲ್ಕು ಸಲ ಫುಲ್ ಆಗ್ಬೇಕು, ಎರಡೂವರೆ ಸಲಕ್ಕೇ ಮುಗೀತು. ಅಂಗಡಿಯವ ಟೋಪಿ ಹಾಕಿದ್ನಾ? ವಿಮಾನದಲ್ಲಿ ಒಯ್ಯಬಹುದಾ? (ಓದುಗರು, ಡೊಂಬಿವಿಲಿ)

ಉತ್ತರ: ಟೋಪಿ ಹಾಕಿಲ್ಲ ಬಿಡಿ, ಎರಡೂವರೆ ಸಲ ಬಂತು ಅಂದ್ರೆ ಮಾಲು ಸರಿಯಾಗೇ ಇದೆ. ಆ 20000 ಎಂಎಎಚ್, ಅಂದ್ರೆ ಹಿಡಿಯೋ ಚಾರ್ಜು, ಒಳಗಿನ ಸೆಲ್‌ಗಳ ಲೆಕ್ಕ, ಸೆಲ್ ಇರೋದು 3.7 ವೋಲ್ಟ್, ಆದ್ರೆ ಯುಎಸ್‌ಬಿಯಿಂದ ಹೊರಗೆ ಬರೋದು 5 ವೋಲ್ಟ್, ಹಾಗಾಗಿ ಏರಿಸಿ ಕೊಡುವಾಗ 20000 ಅನ್ನೋದು 14800ಕ್ಕೆ ಇಳಿಯುತ್ತೆ, ಅದ್ರಲ್ಲೂ ಒಂದಿಷ್ಟು ಬಿಸಿಯಾಗಿ ಹೋಗಿ ಕೈಗೆ ಸಿಗೋದು 12000 ಚಿಲ್ಲರೆ. ನಿಮ್ಮ ಪವರ್ ಬ್ಯಾಂಕ್ ತಿರುಗಿಸಿ ನೋಡಿ, ಹಿಂದುಗಡೆ ಕಪ್ಪು ಪ್ಲಾಸ್ಟಿಕ್ ಮೇಲೆ ಬೂದಿ ಬಣ್ಣದಲ್ಲಿ ಇರುವೆ ಸಾಲಿನ ಥರ ಅಕ್ಷರ ಇರುತ್ತೆ, ಫೋನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದ್ರೆ 'ರೇಟೆಡ್ ಕೆಪ್ಯಾಸಿಟಿ' ಅಂತ ಕಾಣುತ್ತೆ, ಅಂದ್ರೆ ನಿಜವಾಗಿ ಹೊರಗೆ ಸಿಗೋ ಲೆಕ್ಕ. ಕೊಳ್ಳುವಾಗ ನೋಡ್ಬೇಕಾದ ನಂಬರ್ ಅದೇ, ಡಬ್ಬದ ಮೇಲಿನ ದಪ್ಪಕ್ಷರ ಅಲ್ಲ. ಆದ್ರೆ ನಮ್ಮ ಜನ ನೋಡೋದೇ ದಪ್ಪಕ್ಷರ, ಕಂಪನಿಯವ್ರಿಗೂ ಅದು ಗೊತ್ತು.

ರೈಲಿನ ಮಾತಿಗೆ ಬಂದ್ರೆ, ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಬೋಗಿಯ ಚಾರ್ಜಿಂಗ್ ಪಾಯಿಂಟ್ ಆಫ್ ಇಡ್ಬೇಕು ಅಂತ ನಿಯಮ ಇದೆ, ಆ ಪಾಯಿಂಟನ್ನ ನಂಬ್ಕೊಂಡು ಮಲಗ್ಬೇಡಿ. ಮೇಲಿಂದ ಕೊಂಕಣ ರೈಲ್ವೆ ದಾರೀಲಿ ತೊಂಬತ್ತು ಚಿಲ್ಲರೆ ಸುರಂಗ, ರತ್ನಾಗಿರಿ ಹತ್ರದ ಕರ್ಬುಡೆ ಒಂದೇ ಆರೂವರೆ ಕಿಲೋಮೀಟರ್, ಒಳಗೆ ಹೋದಾಗೆಲ್ಲ ಫೋನು ಸಿಗ್ನಲ್ ಹುಡುಕಿ ಹುಡುಕಿ ಚಾರ್ಜ್ ತಿಂದು ಹಾಕುತ್ತೆ. ಮಲಗುವಾಗ ಏರೋಪ್ಲೇನ್ ಮೋಡ್ ಹಾಕಿ, ಅಲಾರಂ ಹೇಗೂ ಹೊಡೆಯುತ್ತೆ.

ವಿಮಾನಕ್ಕೆ ಒಯ್ಯಬಹುದು, ಆದ್ರೆ ಕೈಚೀಲದಲ್ಲಿ ಮಾತ್ರ, ಚೆಕ್ ಇನ್ ಬ್ಯಾಗಿಗೆ ಹಾಕೋ ಹಾಗಿಲ್ಲ. 100 ವ್ಯಾಟ್ ಅವರ್ ತನಕ ಯಾರನ್ನೂ ಕೇಳ್ಬೇಕಿಲ್ಲ, ನಿಮ್ಮದು 74 (20000 ಎಂಎಎಚ್ ಅಂದ್ರೆ 20 ಆಂಪಿಯರ್ ಅವರ್, ಅದನ್ನ 3.7 ವೋಲ್ಟಿಂದ ಗುಣಿಸಿ). ಪವರ್ ಬ್ಯಾಂಕ್ ಮೇಲಿನ ಅಂಕಿ ಅಳಿಸಿ ಹೋಗಿದ್ರೆ ಸೆಕ್ಯುರಿಟಿಯವ್ರು ತಕರಾರು ತೆಗೀಬಹುದು. ಹಾರುವಾಗ ಬಳಸೋಕೆ ಬಿಡ್ತಾರಾ ಅಂತ ಏರ್‌ಲೈನ್‌ನವ್ರ ನಿಯಮ ನೋಡ್ಕೊಂಡು ಹೊರಡಿ.

ಪ್ರಶ್ನೆ: ಮಳೆಗಾಲದಲ್ಲಿ ಚಾರ್ಜರ್ ಹಾಕಿದ್ರೆ ಫೋನು 'ಪೋರ್ಟಲ್ಲಿ ನೀರಿದೆ' ಅಂತ ತೋರಿಸುತ್ತೆ. ಅಕ್ಕಿ ಡಬ್ಬೀಲಿ ಇಡು ಅಂತಾರೆ ಅತ್ತೆ. (ಓದುಗರು, ವಾಸ್ಕೊ)

ಉತ್ತರ: ಅತ್ತೆಯವ್ರಿಗೆ ನಮಸ್ಕಾರ ಹೇಳಿ, ಅಕ್ಕಿ ಊಟಕ್ಕಿರಲಿ. ಅದರ ಪುಡಿ ಪೋರ್ಟಿನೊಳಗೆ ಹೋಗಿ ಕೂತ್ರೆ ಇನ್ನೊಂದು ರಗಳೆ. ಪೋರ್ಟ್ ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನ್ ಗಾಳೀಲಿ ಇಡಿ, ಹೇರ್ ಡ್ರೈಯರ್ ಬೇಡ, ಕಡ್ಡಿ ಹಾಕಿ ಕೆದಕೋದಂತೂ ಬೇಡವೇ ಬೇಡ. ವೈರ್‌ಲೆಸ್ ಚಾರ್ಜಿಂಗ್ ಇದ್ರೆ ಫೋನಿನ ಬೆನ್ನು ಒರೆಸಿ ಅಷ್ಟರಲ್ಲಿ ಆ ಚಾರ್ಜರ್ ಮೇಲಿಡಿ.

ಪ್ರಶ್ನೆ: ತಾಪ್ಕೀರ್ ಗಲ್ಲೀಲಿ ಚಾರ್ಜರ್ ಅಗ್ಗ. ತಗೋಬಹುದಾ? (ಓದುಗರು, ಪುಣೆ)

ಉತ್ತರ: ತಗೊಳ್ಳಿ, ಆದ್ರೆ ಮೈಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 'ಆರ್' ಅಂತ ಶುರುವಾಗೋ ನಂಬರ್ ಇದ್ರೆ ಮಾತ್ರ. ಬಿಐಎಸ್ ಕೇರ್ ಅನ್ನೋ ಆ್ಯಪಲ್ಲಿ ಆ ನಂಬರ್ ಹಾಕಿದ್ರೆ ಯಾರದ್ದು ಅಂತ ಬರುತ್ತೆ, ಅಂಗಡಿ ಮುಂದೇನೇ ನಿಂತು ನೋಡಿ, ನಾಚ್ಕೋಬೇಡಿ.

ಪ್ರಶ್ನೆ: ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಬಡ್ ತಗೊಂಡೆ, ಡೆಕ್ಕನ್ ಕ್ವೀನ್ ರೈಲಲ್ಲಿ ಪಕ್ಕದವ್ರ ಮಾತೆಲ್ಲಾ ಕೇಳುತ್ತೆ. ವಾಪಸ್ ಕೊಡ್ಲಾ? (ಓದುಗರು, ಪುಣೆ)

ಉತ್ತರ: ಅದು ಚೆನ್ನಾಗಿ ಅಡಗಿಸೋದು ಒಂದೇ ಸಮ ಬರೋ ಗುಂಯ್ ಸದ್ದನ್ನ, ಫ್ಯಾನು, ಎಸಿ, ವಿಮಾನದ ಇಂಜಿನ್ ಅಂಥವು. ಏರಿಳಿಯೋ ಮಾತು, 'ಚಾಯ್ ಚಾಯ್' ಕೂಗು ಪೂರ್ತಿ ನಿಲ್ಲಲ್ಲ. ವಾಪಸ್ ಮಾಡೋ ಮುಂಚೆ ಡಬ್ಬದಲ್ಲಿರೋ ಬೇರೆ ಸೈಜಿನ ರಬ್ಬರ್ ಹಾಕಿ ನೋಡಿ, ಕಿವಿಗೆ ಬಿಗಿಯಾಗಿ ಕೂರದಿದ್ರೆ ಎಷ್ಟು ದುಡ್ಡಿನ ಇಯರ್‌ಬಡ್ ಆದ್ರೂ ಅಷ್ಟೇ. ಎರಡು ಕಿವಿಗೆ ಎರಡು ಸೈಜ್ ಬೇಕಾದ್ರೂ ಆಶ್ಚರ್ಯ ಇಲ್ಲ.