ಮೂಡಲ್ ಅಪ್‌ಡೇಟ್ ಆದ ಮೇಲೆ ಅಸೈನ್‌ಮೆಂಟ್ ತಿದ್ದುವುದು ಕಷ್ಟವಾಗಿದೆ, ಹಳೆಯ ಪಟ್ಟಿ ಮತ್ತೆ ಸಿಗುತ್ತದೆಯೇ?

ನಿಮ್ಮ ಕಾಲೇಜಿನಲ್ಲಿ ಹೊಸ ಮೂಡಲ್ (ಅಸೈನ್‌ಮೆಂಟ್, ಅಂಕ ಎಲ್ಲ ಆನ್‌ಲೈನ್‌ನಲ್ಲೇ ನಡೆಸುವ ತಂತ್ರಾಂಶ) ಬಂದಿದೆ, 'ಗ್ರೇಡ್' ಒತ್ತಿದರೆ ಒಬ್ಬರ ಉತ್ತರವೇ ಪರದೆ ತುಂಬ ಬರುತ್ತದೆ, 60 ಜನರದ್ದನ್ನು ಹೀಗೆ ತಿದ್ದಿ ಮುಗಿಸುವುದು ಯಾವಾಗ ಅಂತ ಕೇಳಿದ್ದೀರಿ. ನಾನೂ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಇದೇ ಗೋಳು ಪಟ್ಟವನು.

ಎಲ್ಲರ ಹೆಸರೂ ಒಟ್ಟಿಗೆ ಕಾಣುತ್ತಿದ್ದ ಆ ಪಟ್ಟಿ ಎಲ್ಲೂ ಹೋಗಿಲ್ಲ. ಕಣ್ಣಿಗೆ ಹೊಡೆಯುವ ಹಾಗೆ 'ಗ್ರೇಡ್' ಗುಂಡಿ ಇದೆಯಲ್ಲ, ಅದನ್ನು ಬಿಡಿ. ಪಕ್ಕದ 'ವ್ಯೂ ಆಲ್ ಸಬ್ಮಿಷನ್ಸ್' ಒತ್ತಿ. ನಿಮ್ಮದು 4.5 ಆವೃತ್ತಿ ಅಥವಾ ಅದಕ್ಕಿಂತ ಹೊಸದಾಗಿದ್ದರೆ ಮೇಲಿನ ಸಾಲಿನಲ್ಲಿ 'ಸಬ್ಮಿಷನ್ಸ್' ಅಂತ ಟ್ಯಾಬ್ ಇರುತ್ತದೆ. ಅಲ್ಲಿ 'ಕ್ವಿಕ್ ಗ್ರೇಡಿಂಗ್' ಆನ್ ಮಾಡಿದರೆ ಪ್ರತಿ ಹೆಸರಿನ ಸಾಲಿನಲ್ಲೂ ಅಂಕ ತುಂಬುವ ಚೌಕ ಬರುತ್ತದೆ. ಒಂದು ಪುಟಕ್ಕೆ ಹತ್ತೇ ಹೆಸರು ಕಾಣುತ್ತಿದ್ದರೆ ಮೊದಲು ಆ ಸಂಖ್ಯೆ ಜಾಸ್ತಿ ಮಾಡಿಕೊಳ್ಳಿ. ಸೇವ್ ಮಾಡದೆ ಮುಂದಿನ ಪುಟಕ್ಕೆ ಹೋದರೆ ತುಂಬಿದ ಅಂಕವೆಲ್ಲ ಮಾಯ.

ಹಾಗೆ ನೋಡಿದರೆ ಎಡಕ್ಕೆ ಉತ್ತರ, ಬಲಕ್ಕೆ ಅಂಕ ಇರುವ ಆ ಪುಟ ಹೊಸದೇನಲ್ಲ. 2016ರ 3.1 ಆವೃತ್ತಿಯಲ್ಲೇ ಬಂದಿತ್ತು. ನಾವು ಆ ಕಡೆ ತಲೆ ಹಾಕಿರಲಿಲ್ಲ, ಅಷ್ಟೇ. 2022ರ 4.0ರಲ್ಲಿ ಹಲ್ಲುಚಕ್ರದ ಚಿತ್ರ ಒತ್ತಿದರೆ ಬರುತ್ತಿದ್ದ ಗೇರ್ ಮೆನು ತೆಗೆದು ಎಲ್ಲವನ್ನೂ ಮೇಲಿನ ಟ್ಯಾಬ್‌ಗಳಿಗೆ ತಂದರು. ನಮಗೆ ದಾರಿ ತಪ್ಪಿದ್ದು ಅಲ್ಲಿ.

ನಾನು ಕಂಡುಕೊಂಡಿದ್ದು ಇಷ್ಟು: ಆ ಪುಟ ಓದಿ ತಿದ್ದುವುದಕ್ಕೆ, ಪಟ್ಟಿ ಅಂಕ ತುಂಬುವುದಕ್ಕೆ. ಬ್ಲೂ ಬುಕ್ (ಟೆಸ್ಟ್ ಉತ್ತರ ಪುಸ್ತಿಕೆ) ತಿದ್ದುವುದೇ ಬೇರೆ, ಅದರ ಅಂಕವನ್ನು ಶೀಟಿಗೆ ಇಳಿಸುವುದೇ ಬೇರೆ ಅಲ್ವಾ, ಹಾಗೆ. ಎರಡನ್ನೂ ಒಂದೇ ಕಡೆ ಮಾಡಲು ಹೋಗಿ ನಾನು ಎಡವಟ್ಟು ಮಾಡಿಕೊಂಡೆ.

ನನಗೆ ಎಲ್ಲರ ಮೊದಲ ಪ್ರಶ್ನೆ ತಿದ್ದಿ, ಆಮೇಲೆ ಎಲ್ಲರ ಎರಡನೆಯದು ತಿದ್ದುವ ಅಭ್ಯಾಸ. ಮೊದಲ ಪ್ರಶ್ನೆಯ ಅಂಕ ಹಾಕಿ 'ಸೇವ್ ಆ್ಯಂಡ್ ಶೋ ನೆಕ್ಸ್ಟ್' ಒತ್ತುತ್ತಾ ಹೋದೆ. ಕೆಳಗೆ 'ನೋಟಿಫೈ ಸ್ಟೂಡೆಂಟ್' ಚೌಕದಲ್ಲಿ ಟಿಕ್ ಇದ್ದದ್ದು ನೋಡಲೇ ಇಲ್ಲ. ಸಂಜೆ ಸಿ.ಆರ್. (ಕ್ಲಾಸ್ ಪ್ರತಿನಿಧಿ) ಫೋನು: "ಸರ್, ಕ್ಲಾಸಲ್ಲಿ ಯಾರಿಗೂ ಹತ್ತಕ್ಕೆ ನಾಲ್ಕರ ಮೇಲೆ ಬಂದಿಲ್ವಂತೆ." ಅರ್ಧ ತಿದ್ದಿದ್ದಕ್ಕೇ ಅಂಕ ಬಂದಿದೆ ಅಂತ ಎಲ್ಲರಿಗೂ ಮೇಲ್ ಹೋಗಿತ್ತು. ಈಗ ಸೆಟ್ಟಿಂಗ್ಸ್‌ನಲ್ಲಿ 'ಮಾರ್ಕಿಂಗ್ ವರ್ಕ್‌ಫ್ಲೋ' ಆನ್ ಮಾಡಿಯೇ ತಿದ್ದಲು ಕೂರುತ್ತೇನೆ. ಪಟ್ಟಿಯಲ್ಲಿ ಎಲ್ಲರನ್ನೂ ಆರಿಸಿ 'ರಿಲೀಸ್ಡ್' ಮಾಡುವವರೆಗೆ ಹುಡುಗರಿಗೆ ಅಂಕ ಕಾಣುವುದಿಲ್ಲ.

ಇನ್ನೊಂದು ನಮ್ಮ ಕಡೆಯದೇ ತಾಪತ್ರಯ. ನಮ್ಮ ಹುಡುಗರ ಸರ್‌ನೇಮ್ ಜಾಗದಲ್ಲಿ ಇರುವುದು ಬರೀ ಇನಿಷಿಯಲ್, ಒಂದು 'ಎಂ' ಅಥವಾ 'ಎಸ್'. ಅದರ ಮೇಲೆ ಪಟ್ಟಿ ಜೋಡಿಸಿದರೆ ಯಾರು ಎಲ್ಲಿದ್ದಾರೋ ದೇವರೇ ಬಲ್ಲ. 'ಫಸ್ಟ್ ನೇಮ್' ತಲೆಬರಹ ಒತ್ತಿ. ಐಡಿ ನಂಬರ್‌ನಲ್ಲಿ ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ) ಹಾಕಿ ಆ ಕಾಲಂ ಕಾಣುವ ಹಾಗೆ ಅಡ್ಮಿನ್ ಮಾಡಿಕೊಟ್ಟಿದ್ದರೆ ಅದರ ಮೇಲೇ ಜೋಡಿಸಿಕೊಳ್ಳಿ, ಅಟೆಂಡೆನ್ಸ್ ರಿಜಿಸ್ಟರ್‌ಗೆ ಸರಿಹೊಂದುತ್ತದೆ. ಅರ್ಧ ಕ್ಲಾಸು ಕಾಣೆಯಾಗಿದ್ದರೆ ಗಾಬರಿ ಬೇಡ, ಹಿಂದೆ ಯಾವತ್ತೋ ಒತ್ತಿದ, ಹೆಸರಿನ ಮೊದಲ ಅಕ್ಷರದ ಫಿಲ್ಟರ್ ಹಾಗೇ ಉಳಿದಿರಬಹುದು. 'ರೀಸೆಟ್ ಟೇಬಲ್ ಪ್ರಿಫರೆನ್ಸಸ್' ಒತ್ತಿದರೆ ವಾಪಸ್ ಬರುತ್ತಾರೆ. ಒಬ್ಬೊಬ್ಬರದನ್ನೇ ತೋರಿಸುವ ಪುಟಕ್ಕೂ ಇದೇ ಫಿಲ್ಟರ್ ಅನ್ವಯಿಸುತ್ತದೆ.

ಆ ಪುಟವನ್ನು ಬೈದದ್ದು ಸಾಕು, ಒಳ್ಳೆಯದೂ ಹೇಳಬೇಕು. ಹುಡುಗರು ಕೈಬರಹವನ್ನು ಮೊಬೈಲ್‌ನಲ್ಲಿ ಫೋಟೊ ಹೊಡೆದು ಪಿಡಿಎಫ್ ಮಾಡಿ ಹಾಕುತ್ತಾರೆ, ಅರ್ಧ ಪುಟಗಳು ಅಡ್ಡಡ್ಡ. ಅದನ್ನು ತಿರುಗಿಸುವ ಗುಂಡಿ ಅಲ್ಲೇ ಇದೆ. ಲ್ಯಾಪ್‌ಟಾಪ್ ಪರದೆ ಸಣ್ಣದಾದರೆ ಬಲಗಡೆ ಕೆಳಗಿನ ಚಿಕ್ಕ ಚಿತ್ರಗಳಲ್ಲಿ ಒಂದನ್ನು ಒತ್ತಿ ಅಂಕದ ಭಾಗ ಮಡಚಿಡಿ, ಅಕ್ಷರ ದೊಡ್ಡದಾಗುತ್ತದೆ. ನನಗೆ ತುಂಬ ಹಿಡಿಸಿದ್ದು 'ಕ್ವಿಕ್‌ಲಿಸ್ಟ್'. "ಯೂನಿಟ್ ಬರೆದಿಲ್ಲ" ಅಂತ ಒಮ್ಮೆ ಬರೆದು ಅದಕ್ಕೆ ಸೇರಿಸಿಟ್ಟೆ. ಈ ಸೆಮಿಸ್ಟರ್‌ನಲ್ಲಿ ಅದನ್ನು ಎಷ್ಟು ಸಲ ಅಂಟಿಸಿದೆನೋ ಲೆಕ್ಕವಿಲ್ಲ.

ಮನೆಯಲ್ಲಿ ನೆಟ್ ಕೈಕೊಡುವುದಿದ್ದರೆ 'ಆಫ್‌ಲೈನ್ ಗ್ರೇಡಿಂಗ್ ವರ್ಕ್‌ಶೀಟ್' ಆನ್ ಮಾಡಿ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ ಪಟ್ಟಿಯ ಫೈಲು) ಇಳಿಸಿಕೊಳ್ಳಿ. ಗ್ರೇಡ್ ಕಾಲಂ ತುಂಬಿ ಮತ್ತೆ ಏರಿಸಿ. ಮೊದಲ ಕಾಲಂನ ಐಡೆಂಟಿಫೈಯರ್ ಮುಟ್ಟಬೇಡಿ. ಕನ್ನಡದಲ್ಲಿ ಕಾಮೆಂಟ್ ಬರೆದರೆ ಎಕ್ಸೆಲ್‌ನಲ್ಲಿ 'ಸಿಎಸ್‌ವಿ ಯುಟಿಎಫ್-8' ಅಂತಲೇ ಸೇವ್ ಮಾಡಿ, ಇಲ್ಲದಿದ್ದರೆ ಸಾಲು ಪೂರ್ತಿ ಪ್ರಶ್ನಾರ್ಥಕ ಚಿಹ್ನೆ.

ಪಿಡಿಎಫ್ ಮೇಲೆ ಗೆರೆ ಎಳೆಯುವ ಪೆನ್ನೇ ಕಾಣದಿದ್ದರೆ ತಪ್ಪು ನಿಮ್ಮದಲ್ಲ. ಅಸೈನ್‌ಮೆಂಟ್ ಸೆಟ್ಟಿಂಗ್ಸ್‌ನಲ್ಲಿ 'ಆ್ಯನೊಟೇಟ್ ಪಿಡಿಎಫ್' ಟಿಕ್ ಆಗಿದೆಯೇ ನೋಡಿ. ಆ ಆಯ್ಕೆಯೇ ಇಲ್ಲದಿದ್ದರೆ ಸರ್ವರ್‌ನಲ್ಲಿ ಘೋಸ್ಟ್‌ಸ್ಕ್ರಿಪ್ಟ್ (ಪಿಡಿಎಫ್ ನಿಭಾಯಿಸುವ ತಂತ್ರಾಂಶ) ಇದೆಯೇ ಅಂತ ಅಡ್ಮಿನ್‌ಗೆ ಕೇಳಿ. ನಮ್ಮಲ್ಲಿ ಇರಲಿಲ್ಲ. ಹಾಕಲು ಹತ್ತು ನಿಮಿಷ ಹಿಡಿಯಿತು, ಅದನ್ನು ಹಾಕಿಸಲು ಎರಡು ವಾರ ಓಡಾಡಿದೆ.